ಬಕೆಟ್ಟಿಗೆ ಹಾಕಿದ ವೇನ್

ನಮ್ಮ ಡಿಸೆಕ್ಷನ್ ಹಾಲಿನಲ್ಲಿ ವೇನ್‌ಗಳಿಗೆ ಮರ್ಯಾದೆ ಇರಲಿಲ್ಲ. ಹೆಣದ ಮೇಲೆ ಮೊದಲ ಸಲ ಚಾಕು ಇಡುವ ಹುಡುಗ ಹುಡುಗಿಯರಿಗೆ ಮೊದಲ ವಾರವೇ ನಾವು ಹೇಳಿಕೊಡುತ್ತಿದ್ದದ್ದು ಇಷ್ಟು: ಹೃದಯದಿಂದ ರಕ್ತ ಹೊತ್ತು ಹೊರಡುವ ಆರ್ಟರಿಯನ್ನು ಜೋಪಾನ ಮಾಡಿ, ರಕ್ತ ವಾಪಸು ತರುವ ವೇನ್ ಅಡ್ಡ ಬಂದರೆ ಕತ್ತರಿಸಿ ತೆಗೆಯಿರಿ. ಆರ್ಟರಿ ಗಟ್ಟಿಯಾಗಿ, ದುಂಡಗೆ, ನೋಡಲು ಚೆನ್ನ. ವೇನ್ ಜೋತುಬಿದ್ದ ತೆಳು ಚರ್ಮ, ಒಳಗೆ ಹೆಪ್ಪುಗಟ್ಟಿದ ಕಪ್ಪು ರಕ್ತ, ಮುಟ್ಟಿದರೆ ಕೈಯೆಲ್ಲ ಗಲೀಜು. ಪಠ್ಯಪುಸ್ತಕವೂ ಅದನ್ನೇ ಹೇಳುತ್ತಿತ್ತು. ನಾನು ಹಾಗೇ ಕಲಿತೆ, ಹಾಗೇ ಕಲಿಸಿದೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಮೈಸೂರಿನಿಂದ ಮರಾಠಿ ಸೀಮೆಯ ಮಹಾನಗರಕ್ಕೆ ಬಂದು, ಅಲ್ಲಿನ ಸಯನ್‌ನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದುಕೊಂಡು, ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಮೂಗಿನ ತುದಿಯಲ್ಲೇ ಕೋಪ ಇರುವವಳು ಎಂದು ಮನೆಯಲ್ಲೂ ಹೆಸರು, ಕಾಲೇಜಿನಲ್ಲೂ ಹೆಸರು. ಅದರ ಜೊತೆ ಇನ್ನೊಂದು ಹೆಸರೂ ಇತ್ತು. ಪರೀಕ್ಷೆಗೆ ಇಡುವ ದೇಹದ ಭಾಗಗಳನ್ನು, ನಾವು ಸ್ಪೆಸಿಮನ್ ಅನ್ನುತ್ತಿದ್ದೆವು, ನನ್ನಷ್ಟು ಚೊಕ್ಕವಾಗಿ ಯಾರೂ ಬಿಡಿಸುತ್ತಿರಲಿಲ್ಲ. ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟರೆ ಗೆರೆ ಗೆರೆ ಹೊಂದಬೇಕು. ಆ ಜಂಬ ನನಗೆ ಬೇಕಾದಷ್ಟಿತ್ತು.

ಒಂದು ವರ್ಷ ಮಾರ್ಚಿನಲ್ಲಿ ಪರೀಕ್ಷೆಯ ಹಿಂದಿನ ದಿನ ನಾನೊಂದು ಹೊಟ್ಟೆ ಬಿಡಿಸುತ್ತಿದ್ದೆ. ಹೃದಯದಿಂದ ಇಳಿದು ಬೆನ್ನುಮೂಳೆಗೆ ಅಂಟಿಕೊಂಡು ಸಾಗುವ ದೊಡ್ಡ ಆರ್ಟರಿ ಅಯೋರ್ಟಾ. ಅದರ ಬಲಕ್ಕೆ ದೊಡ್ಡ ವೇನ್. ಎಡ ಕಿಡ್ನಿಯ ವೇನ್ ಆ ದೊಡ್ಡ ವೇನನ್ನು ಸೇರಬೇಕಾದರೆ ಅಯೋರ್ಟಾವನ್ನು ದಾಟಲೇಬೇಕು. ಎಲ್ಲರಲ್ಲೂ ಅದು ಮುಂದಿನಿಂದ ದಾಟುತ್ತದೆ. ಈ ಹೆಣದಲ್ಲಿ ಮುಂದೆ ಏನೂ ಇರಲಿಲ್ಲ. ಅಯೋರ್ಟಾವನ್ನು ಎತ್ತಿ ನೋಡಿದರೆ, ಅದರ ಹಿಂದೆ, ಮೂಳೆಗೂ ಅದಕ್ಕೂ ನಡುವೆ, ಕಿರುಬೆರಳು ದಪ್ಪದ ವೇನ್ ಓರೆಯಾಗಿ ಕೆಳಕ್ಕೆ ಇಳಿದು ಬಲಕ್ಕೆ ಹೋಗಿತ್ತು. ಹೀಗೂ ಇರುತ್ತದೆಯೇ ಎಂದು ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಮರುದಿನದ ಪರೀಕ್ಷೆ ನೆನಪಾಯಿತು. ಹೊರಗಿನಿಂದ ಬರುವ ಪರೀಕ್ಷಕರು ಮಹಾ ಸಿಡುಕರು. ಪುಸ್ತಕದಲ್ಲಿ ಇಲ್ಲದ್ದು ಕಂಡರೆ ಹುಡುಗರು ತಬ್ಬಿಬ್ಬಾಗುತ್ತಾರೆ, ಪರೀಕ್ಷಕರು ನನ್ನ ಮೇಲೆ ಹಾರಾಡುತ್ತಾರೆ. ಕತ್ತರಿ ತೆಗೆದುಕೊಂಡೆ. ಎರಡು ಕಡೆ ಕತ್ತರಿಸಿ ಎಳೆದೆ, ಬಂತು. ಒಂದು ಗೆರೆಯ ಚಿತ್ರವನ್ನೂ ಬರೆದಿಟ್ಟುಕೊಳ್ಳಲಿಲ್ಲ. ಹಾಲಿನ ಅಟೆಂಡೆಂಟ್, ರತ್ನಗಿರಿ ಕಡೆಯ ಮುದುಕ, ಟೇಬಲ್ಲಿನ ಕೆಳಗಿನ ಬಕೆಟ್ ಹಿಡಿದು, "ಬಾಯಿ, ಟಾಕೂ ಕಾ?" ಎಂದು ಮರಾಠಿಯಲ್ಲಿ ಕೇಳಿದ, ಎಸೆಯಲೇ ಅಮ್ಮ ಎಂದು.

"ಟಾಕ್," ಅಂದೆ. ಮರುದಿನ ಸಿಡುಕು ಪರೀಕ್ಷಕರು ನನ್ನ ಸ್ಪೆಸಿಮನ್ ಹೊಗಳಿದರು.

ಇದಾಗಿ ಕೆಲವು ತಿಂಗಳಿಗೆ, ಒಂದು ಭಾನುವಾರ ಊಟಕ್ಕೆ ಕೂತಿದ್ದಾಗ ಅಣ್ಣ ನಗುತ್ತಾ ಒಂದು ಕತೆ ಹೇಳಿದ. ಅವನಿಗೆ ಫೋರ್ಟ್‌ನಲ್ಲಿ ಬ್ಯಾಂಕಿನ ಕೆಲಸ, ಮಧ್ಯಾಹ್ನದ ತಿಂಡಿ ಅಲ್ಲೇ ಗಲ್ಲಿಯ ಉಡುಪಿ ಹೋಟೆಲಿನಲ್ಲಿ. ಅಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರನ್ನು ಎಲ್ಲರೂ ದೋಸೆ ಭಟ್ಟರು ಅನ್ನುತ್ತಿದ್ದರು, ಅವರ ಹೆಸರು ಯಾರಿಗೂ ಬೇಕಿರಲಿಲ್ಲ. ಐವತ್ತು ದಾಟಿದ ಒಣಕಲು ಮನುಷ್ಯ. "ಮೂರು ಗಂಟೆಗೆ ಬೆಂಚಿನ ಮೇಲೆ ಅಂಗಾತ ಮಲಗಿ ಹೊಟ್ಟೆ ಮೇಲೆ ಖಾಲಿ ಲೋಟ ಇಟ್ಕೋತಾರೆ ಕಣೇ. ಲೋಟ ತಾನಾಗೇ ಕುಣಿಯತ್ತೆ! ಟಕ್ ಟಕ್ ಟಕ್ ಅಂತ. ಹೋಟೆಲಿನವರೆಲ್ಲ ಸುತ್ತ ನಿಂತು ನೋಡ್ತಾರೆ."

ಅತ್ತಿಗೆ ನಕ್ಕಳು. ನಾನು ತಟ್ಟೆ ಸರಿಸಿದೆ. "ಕುಣಿಯೋದು ಲೋಟ ಅಲ್ಲ, ಅಯೋರ್ಟಾ. ಉಬ್ಬಿದೆ ಅದು. ಒಡೆದ್ರೆ ಆ ಮನುಷ್ಯ ಬೆಂಚಿನಿಂದ ಏಳಲ್ಲ," ಎಂದು ರೇಗಿದೆ. ಅಣ್ಣನ ಮೇಲೆ ರೇಗಲು ಕಾರಣವಿರಲಿಲ್ಲ, ಆದರೂ ರೇಗಿದೆ.

ಮರುದಿನವೇ ಹೋಟೆಲಿನ ಫ್ಯಾಮಿಲಿ ರೂಮಿಗೆ ಅವರನ್ನು ಕರೆಸಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟೆ. ಹೊಕ್ಕುಳದ ಮೇಲೆ ಮೂಸಂಬಿ ಗಾತ್ರದ ಗಡ್ಡೆ, ಅಂಗೈಯನ್ನು ಒದ್ದು ಒದ್ದು ಎತ್ತುತ್ತಿತ್ತು.

"ಎಂಥ ಅಮ್ಮ, ಗ್ಯಾಸಾ?" ಎಂದರು ಭಟ್ಟರು.

ವಿಷಯ ಬಿಡಿಸಿ ಹೇಳಿದೆ. ನಮ್ಮ ಆಸ್ಪತ್ರೆಯ ಸರ್ಜನ್ ಒಬ್ಬರು ಲಂಡನ್ನಿನಲ್ಲಿ ಈ ಕೆಲಸ ನೋಡಿಕೊಂಡು ಬಂದಿದ್ದಾರೆ, ಉಬ್ಬಿದ ಭಾಗ ಕತ್ತರಿಸಿ ನೈಲಾನ್ ಬಟ್ಟೆಯ ಕೊಳವೆ ಹೊಲಿದು ಕೂಡಿಸುತ್ತಾರೆ, ಅಪಾಯ ಇದೆ, ಸುಮ್ಮನಿದ್ದರೆ ಇನ್ನೂ ಅಪಾಯ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಊರಿನಲ್ಲಿ ಹೆಂಡತಿ, ಮದುವೆಗೆ ನಿಂತ ಇಬ್ಬರು ಹೆಣ್ಣುಮಕ್ಕಳು. "ನನಗೆ ಇದೆಲ್ಲ ಅರ್ಥ ಆಗುದಿಲ್ಲ ಮಾರಾಯ್ರೆ. ನೀವು ಮಾಡಿಸು ಅಂತ ಹೇಳಿದ್ರೆ ಮಾಡಿಸ್ತೇನೆ. ನೀವು ಅಲ್ಲಿ ಇರ್ತೀರಲ್ಲ?"

"ಇರ್ತೀನಿ," ಅಂದೆ.

ಸರ್ಜನ್ ಧಾರವಾಡದ ಕಡೆಯವರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಈ ಆಪರೇಷನ್ ನಮ್ಮಲ್ಲಿ ಅವರಿಗೆ ಮೊದಲನೆಯದು. ನೈಲಾನ್ ಬಟ್ಟೆ ತಂದು ನನ್ನ ಕೈಗೇ ಕೊಟ್ಟರು, "ಬಾಯಾರ, ನಿಮ್ಮ ಮನ್ಯಾಗ ಹೊಲಿಗಿ ಮಷಿನ್ ಅದ ಅಂತಲ್ಲ, ಹೆಬ್ಬೆರಳ ದಪ್ಪ ಒಂದು ಕೊಳವಿ ಹೊಲದು ಕೊಡ್ರಿ." ಅತ್ತಿಗೆಯ ಮೆಷಿನ್ನಿನಲ್ಲಿ ಹೊಲಿಯುವಾಗ ಅವಳು ಬಂದು, "ಇದೇನೇ, ಯಾವ ಮಗುವಿಗೆ ಬ್ಲೌಸಿನ ತೋಳು?" ಎಂದು ಕೇಳಿದಳು. ಭಟ್ಟರ ಅಯೋರ್ಟಾ ಎಂದೆ. ಮುಟ್ಟಿದ ಕೈ ತೊಳೆದುಕೊಂಡು ಬಂದಳು.

ಆಪರೇಷನ್ನಿಗೆ ಎರಡು ದಿನ ಮುಂಚೆ ಸರ್ಜನ್ ಹೆಣದ ಮೇಲೆ ತಾಲೀಮು ಮಾಡಲು ನಮ್ಮ ಹಾಲಿಗೆ ಬಂದರು. ನಾನು ಜೊತೆಗೆ ನಿಂತೆ. ಹೊಟ್ಟೆ ತೆರೆದು, ಕರುಳು ಬದಿಗೆ ಸರಿಸಿ, ಅಯೋರ್ಟಾದ ಮುಂದೆ ಅಡ್ಡ ಹಾದ ಎಡ ಕಿಡ್ನಿಯ ವೇನನ್ನು ತೋರಿಸಿ, "ಇದ ನೋಡ್ರಿ ನನ್ನ ಗುರುತು. ಇದರ ಕೆಳಗ ಅಯೋರ್ಟಾದ ಸುತ್ತ ಹಿಂಗ ಬೆರಳು ಹಾಕೋದು, ರಕ್ತ ನಿಲ್ಲಸಾಕ ಕ್ಲಾಂಪ್ ಹಚ್ಚೋದು, ಮುಗೀತು," ಎಂದರು. ತೋರುಬೆರಳನ್ನು ಕೊಕ್ಕೆ ಮಾಡಿ ಅಯೋರ್ಟಾದ ಹಿಂದಿನಿಂದ ತೂರಿಸಿ ಆ ಕಡೆ ತೆಗೆದರು.

ಮಾರ್ಚಿನ ಆ ಹೊಟ್ಟೆಯಲ್ಲಿ ಆ ಬೆರಳು ಹೋದ ದಾರಿಯಲ್ಲೇ ವೇನ್ ಇತ್ತು. ಹೆಣಕ್ಕೆ ಹರಿದರೂ ಒಂದೇ, ಹರಿಯದಿದ್ದರೂ ಒಂದೇ. ಬದುಕಿರುವವನಿಗೆ?

"ಸರ್, ಈ ವೇನ್ ಮುಂದೆ ಇಲ್ಲದೆ ಹಿಂದಿನಿಂದ ಹೋಗಿದ್ರೆ?" ಎಂದು ಕೇಳಿದೆ.

"ಹಿಂದ? ಯಾರು ಹೇಳಿದ್ರು?"

"ಇರತ್ತೆ. ಅಪರೂಪಕ್ಕೆ."

"ಎಲ್ಲದ? ತೋರಸ್ರಿ." ಅವರು ಕೈ ಒರೆಸಿಕೊಂಡು ಗೋಡೆಯ ಕಪಾಟುಗಳ ಮುಂದೆ ಹೋಗಿ ನಿಂತರು. ಎಷ್ಟೋ ವರ್ಷಗಳಿಂದ ಕೂಡಿಟ್ಟ ಗಾಜಿನ ಜಾಡಿಗಳು. ಅರ್ಧದಷ್ಟು ನನ್ನ ಕೈಕೆಲಸ. ಒಂದೊಂದನ್ನೇ ನೋಡುತ್ತಾ ಹೋದರು. ಎಲ್ಲದರಲ್ಲೂ ಅಯೋರ್ಟಾ ತೊಳೆದಿಟ್ಟ ಪಾತ್ರೆಯಂತೆ ಚೊಕ್ಕಟ, ಸುತ್ತ ಒಂದು ವೇನೂ ಇಲ್ಲ. "ಇಷ್ಟ್ರಾಗ ಒಂದರೆ ಅದ ಏನ್ರಿ ಬಾಯಾರ? ನೀವು ನೋಡೀರೇನು?"

ಈಗ ಹೇಳಬೇಕಾದ ಮಾತು ಒಂದೇ ಇತ್ತು. ನೋಡಿದ್ದೇನೆ, ಮಾರ್ಚಿನಲ್ಲಿ, ಇದೇ ಕೈಯಿಂದ ಕತ್ತರಿಸಿ ಎಸೆದಿದ್ದೇನೆ. ಕಂಡ ಅಪರೂಪವನ್ನು ಪರೀಕ್ಷೆಗೆ ಚೆಂದ ಕಾಣಲಿ ಎಂದು ಬಕೆಟ್ಟಿಗೆ ಹಾಕಿದವಳು ನಾನೇ ಎಂದು ಹೇಳಬೇಕಿತ್ತು. ಹಿಂದೆಯೇ ಇಬ್ಬರು ಜೂನಿಯರ್‌ಗಳು ನಿಂತಿದ್ದರು. ನನ್ನ ಬಾಯಿಗೆ ಬೀಗ ಬಿತ್ತು.

"ಎಲ್ಲೋ ನೋಡಿದ ನೆನಪು," ಅಂದೆ.

"ನೆನಪು!" ಅವರು ನಕ್ಕರು. "ನೆನಪಿಗೆ ಹೆದರಿ ಆಪರೇಷನ್ ಮಾಡಾಕ ಆಗೂದಿಲ್ಲ ರೀ." ಜೂನಿಯರ್‌ಗಳೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಅವರ ಮೇಲೆ ಎಂದೇ ಆಗ ಅಂದುಕೊಂಡಿದ್ದೆ.

ಎರಡು ದಿನ ನನ್ನೊಳಗೆ ನಾನೇ ಜಗಳವಾಡಿದೆ. ಹೇಳಿಬಿಡು ಎಂದು ಒಂದು ಮನಸ್ಸು. ಅಷ್ಟು ಅಪರೂಪದ್ದು ಭಟ್ಟರ ಹೊಟ್ಟೆಯಲ್ಲೇ ಯಾಕಿರಬೇಕು, ಸುಮ್ಮನೆ ಮಾನ ಕಳೆದುಕೊಳ್ಳುತ್ತೀಯಾ ಎಂದು ಇನ್ನೊಂದು ಮನಸ್ಸು. ವಾರ್ಡಿಗೆ ಹೋದರೆ ಭಟ್ಟರು ಮಂಚದ ಮೇಲೆ ಕೂತು ಆಸ್ಪತ್ರೆಯ ಉಪ್ಪಿಟ್ಟನ್ನು ಬೈಯುತ್ತಿದ್ದರು. ರಕ್ತ ಕೊಡಲು ಹೋಟೆಲಿನಿಂದ ಆರು ಜನ ಬಂದಿದ್ದರು, ಕೊಟ್ಟರೆ ಜೀವವೇ ಹೋಗುತ್ತದೆಂದು ಹೆದರುತ್ತಲೇ ಬಂದಿದ್ದರು. "ಅಮ್ಮ ಇದ್ದಾರೆ, ಎಂಥ ಹೆದರಿಕೆ," ಎಂದು ಭಟ್ಟರೇ ಅವರಿಗೆ ಧೈರ್ಯ ಹೇಳುತ್ತಿದ್ದರು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಸರ್ಜನ್ ಕೈ ತೊಳೆಯುವ ಸಿಂಕಿನ ಹತ್ತಿರ ಹೋಗಿ ನಿಂತೆ. ಹೇಳಲೆಂದೇ ಹೋಗಿದ್ದೆ. ಮೊಣಕೈವರೆಗೆ ಸೋಪು ಹಚ್ಚಿಕೊಂಡಿದ್ದ ಅವರು ನನ್ನನ್ನು ನೋಡಿ, "ಏನ್ರಿ ಬಾಯಾರ, ರಾತ್ರಿ ಕನಸಿನಾಗ ಮತ್ತ ಆ ವೇನ್ ಬಂದಿತ್ತೇನು?" ಎಂದರು. ನರ್ಸ್ ಕಿಸಕ್ಕೆಂದಳು. ನನ್ನ ಹಾಳು ಕೋಪ ನೆತ್ತಿಗೇರಿತು. ಏನೂ ಹೇಳದೆ ಮುಖ ತಿರುಗಿಸಿ ಒಳಗೆ ಹೋದೆ. ಆ ಅರ್ಧ ನಿಮಿಷವನ್ನು ಈ ವಯಸ್ಸಿನಲ್ಲೂ ನಾನು ಕ್ಷಮಿಸಿಲ್ಲ.

ಥಿಯೇಟರಿನಲ್ಲಿ ಸರ್ಜನ್ನರ ಎಡಭುಜದ ಹಿಂದೆ ಒಂದು ಸ್ಟೂಲ್ ಹಾಕಿಸಿಕೊಂಡು ನಿಂತೆ. ನಾನು ಅಲ್ಲಿ ನೋಡುವವಳು ಮಾತ್ರ. ನೋಡುವವರು ಬಾಯಿ ತೆರೆಯಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು. ಈಥರ್ ವಾಸನೆ, ಮೇಲೆ ದೀಪ, ಕಂಬಿಗೆ ನೇತುಹಾಕಿದ ರಕ್ತದ ಬಾಟಲಿ. ಹೊಟ್ಟೆ ತೆರೆದರು. ಕರುಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟರು. ಉಬ್ಬಿದ ಅಯೋರ್ಟಾ ಕಾಣಿಸಿತು. ಪ್ರತಿ ಬಡಿತಕ್ಕೂ ಅದು ಎದ್ದು ಬೀಳುತ್ತಿತ್ತು.

ಸರ್ಜನ್ ಊತದ ಮೇಲ್ಭಾಗದ ಕೊಬ್ಬನ್ನು ಬಿಡಿಸುತ್ತಾ ಹೋದರು. ನನ್ನ ಕಣ್ಣು ಒಂದೇ ಜಾಗದಲ್ಲಿ ನೆಟ್ಟಿತ್ತು. ಅಲ್ಲಿ ಅಡ್ಡಲಾಗಿ ನೀಲಿ ಪಟ್ಟಿ ಕಾಣಬೇಕು. ಕಾಣಲಿಲ್ಲ. ಇನ್ನೂ ಸ್ವಲ್ಪ ಮೇಲೆ ಬಿಡಿಸಿದರು, ಅಲ್ಲೂ ಇಲ್ಲ. ಅಯೋರ್ಟಾ ನನ್ನ ಜಾಡಿಗಳಲ್ಲಿರುವ ಹಾಗೇ ಚೊಕ್ಕಟವಾಗಿತ್ತು.

"ವೇನ್ ಮ್ಯಾಲೆಲ್ಲೋ ಉಳದದ. ಛಲೋ ಆತು, ಜಾಗ ಭಾಳ ಸ್ವಚ್ಛ ಅದ," ಎಂದರು ಸರ್ಜನ್. ಬೆರಳು ಕೊಕ್ಕೆಯಾಯಿತು.

"ಸರ್, ಬೇಡ! ಮುಂದಿಲ್ಲ ಅಂದ್ರೆ ಹಿಂದಿದೆ! ಬೆರಳು ಹಾಕಬೇಡಿ!"

ಥಿಯೇಟರೆಲ್ಲ ಕೇಳುವಂತೆ ಕೂಗಿದ್ದೆ. ಆದರೆ ಬೆರಳು ಆಗಲೇ ಅಯೋರ್ಟಾದ ಹಿಂದೆ ಹೋಗಿತ್ತು. ಅವರು ಬೆಚ್ಚಿ ಕೈ ಹಿಂದಕ್ಕೆ ತೆಗೆದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ತಳದಿಂದ ಕಪ್ಪು ರಕ್ತ ಉಕ್ಕಿ ಬಂತು. ಆರ್ಟರಿಯ ರಕ್ತ ಚಿಮ್ಮುತ್ತದೆ, ಎಲ್ಲಿಂದ ಎಂದು ಕಾಣುತ್ತದೆ. ಇದು ಸದ್ದಿಲ್ಲದೆ ಬಾವಿಯ ನೀರಿನ ಹಾಗೆ ಏರುತ್ತಿತ್ತು. ಎರಡು ಸಲ ಹೀರಿ ತೆಗೆದರೂ ಮತ್ತೆ ತುಂಬಿತು. ಸರ್ಜನ್ ಬಟ್ಟೆಯ ಉಂಡೆ ತುರುಕಿ ಮುಷ್ಟಿಯಿಂದ ಒತ್ತಿಹಿಡಿದರು. ತಲೆಯ ಹತ್ತಿರ ಕೂತ ಅರಿವಳಿಕೆ ಡಾಕ್ಟರು ನಾಡಿ ಬೀಳುತ್ತಿದೆ ಎಂದು ಕೂಗಿದರು.

"ಎಲ್ಲಿಂದ? ಎಲ್ಲಿಂದ ಬರಾಕತ್ತದ ಇದು?" ಸರ್ಜನ್ನರ ದನಿಯಲ್ಲಿ ಆ ಚುರುಕು ಇರಲಿಲ್ಲ. ಅವರು ಹೆದರಿದ್ದರು.

ಸ್ಟೂಲಿನಿಂದ ಬಗ್ಗಿದೆ. "ಎಡ ಕಿಡ್ನಿಯಿಂದ ಓರೆಯಾಗಿ ಕೆಳಗೆ ಬರತ್ತೆ ಸರ್. ನೀವು ಹುಡುಕ್ತಿರೋ ಜಾಗದಿಂದ ಎರಡು ಬೆರಳು ಕೆಳಗೆ ಅಯೋರ್ಟಾದ ಹಿಂದೆ ದಾಟಿ ಬಲಕ್ಕೆ ಸೇರತ್ತೆ. ಮೂಳೆಗೆ ಅಂಟಿಕೊಂಡಿರತ್ತೆ."

"ನೆನಪೇನು ಇದು?"

"ನೆನಪಲ್ಲ. ನೋಡಿದೀನಿ. ಮಾರ್ಚ್‌ನಲ್ಲಿ ನಮ್ಮ ಹಾಲಲ್ಲಿ ನಾನೇ ಕತ್ತರಿಸಿ ಎಸೆದೆ."

ಮಾಸ್ಕಿನ ಮೇಲಿನ ಅವರ ಕಣ್ಣು ಒಂದು ಸಲ ನನ್ನ ಕಡೆ ತಿರುಗಿತು. ಬೈಯಲು ಆಗ ಸಮಯವಿರಲಿಲ್ಲ. ಒತ್ತಿಹಿಡಿದ ಬಟ್ಟೆಯನ್ನು ಅಸಿಸ್ಟೆಂಟ್ ಕೈಗೆ ಬಿಟ್ಟು, ಅಯೋರ್ಟಾಕ್ಕೆ ಮುಂದಿನಿಂದಲೇ ಕ್ಲಾಂಪ್ ಹಚ್ಚಿ, ಅದನ್ನು ಅಡ್ಡ ಕತ್ತರಿಸಿ ಬಾಗಿಲಿನ ಹಾಗೆ ಮೇಲಕ್ಕೆತ್ತಿದರು. ಅದರ ಹಿಂದೆ, ನಾನು ಹೇಳಿದ ಜಾಗದಲ್ಲಿ, ವೇನ್ ಅರ್ಧ ಸುತ್ತಳತೆ ಕಿತ್ತುಹೋಗಿ ಬಾಯ್ಬಿಟ್ಟಿತ್ತು. ಹೊಲಿಯಲು ನೋಡಿದರು, ದಾರ ಎಳೆದಲ್ಲೆಲ್ಲ ತೆಳು ಗೋಡೆ ಸೀಳುತ್ತಿತ್ತು. ಕೊನೆಗೆ ಎರಡು ಕಡೆ ಕಟ್ಟಿದರು. ರಕ್ತ ನಿಂತಿತು.

ಆದರೆ ರಕ್ತ ಹೊರಹೋಗುವ ದಾರಿ ಮುಚ್ಚಿದ ಎಡ ಕಿಡ್ನಿ ನೋಡನೋಡುತ್ತಾ ಊದಿ ನೇರಳೆ ಬಣ್ಣಕ್ಕೆ ತಿರುಗಿತು. ಕಾದು ನೋಡಿದರು. ಬಣ್ಣ ಮರಳಲಿಲ್ಲ. ತೆಗೆಯಬೇಕಾಯಿತು. ಆಮೇಲೆ ನಾನು ಹೊಲಿದ ನೈಲಾನ್ ಕೊಳವೆಯನ್ನು ಕೂಡಿಸಿದರು. ಕ್ಲಾಂಪ್ ಬಿಟ್ಟಾಗ ಅದು ಬಡಿಯತೊಡಗಿತು. ಭಟ್ಟರ ಎರಡೂ ಪಾದ ಮುಟ್ಟಿ ನೋಡಿದೆ, ಬೆಚ್ಚಗಿದ್ದವು. ಆರು ಜನರ ರಕ್ತವೂ ಅಷ್ಟರಲ್ಲಿ ಖಾಲಿಯಾಗಿತ್ತು.

ಎಲ್ಲ ಮುಗಿದ ಮೇಲೆ ಸರ್ಜನ್ ಒಂದು ಟ್ರೇ ಎತ್ತಿ ನನ್ನ ಕೈಗಿಟ್ಟರು. ಅದರಲ್ಲಿ ಕಿಡ್ನಿ, ಅದಕ್ಕೆ ತೂಗಿಕೊಂಡ ಕಿತ್ತ ವೇನ್.

"ತಗೋರಿ ಬಾಯಾರ. ಕೇಳಿದ್ನಲ್ಲ, ತೋರಸ್ರಿ ಅಂತ. ಇನ್ನ ಮ್ಯಾಲೆ ತೋರಸಾಕ ಒಂದು ಆತು." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಸುಸ್ತು ಮಾತ್ರ ಇತ್ತು. "ಅವತ್ತ ಹೇಳಿದ್ರ ನಾ ನಗತಿದ್ದಿಲ್ಲ ರೀ." ಕೈಗವಸು ಕಳಚಿ ಹೊರಗೆ ಹೋದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ನಾನು ಅತ್ತೆ.

ಕಿಡ್ನಿಯನ್ನು ಕೊಳೆಯದ ಹಾಗೆ ಫಾರ್ಮಲಿನ್‌ನಲ್ಲಿಟ್ಟು ಜಾಡಿಗೆ ಹಾಕಿದೆ. ವೇನ್ ಕಾಣುವ ಭಾಗವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ, ದಿನಾ ನೋಡುವ ಧೈರ್ಯ ಇರಲಿಲ್ಲ. ಹಾಲಿನಲ್ಲಿ ಅಂದಿನಿಂದ ಹೊಸ ಕಾನೂನು ಮಾಡಿದೆ: ನನ್ನನ್ನು ಕರೆಯದೆ ಯಾರೂ ಒಂದು ವೇನನ್ನೂ ಕತ್ತರಿಸುವ ಹಾಗಿಲ್ಲ. ವಿದ್ಯಾರ್ಥಿಗಳು ಶಪಿಸಿದರು, ಸಹೋದ್ಯೋಗಿಗಳು ಹುಚ್ಚಿ ಅಂದರು. ಆದರೆ ಉಳಿಸಿಕೊಂಡು ನೋಡತೊಡಗಿದ ಮೇಲೆ ಮುಂದಿನ ವರ್ಷಗಳಲ್ಲಿ ಒಂದೊಂದೇ ಸಿಕ್ಕವು. ಅಯೋರ್ಟಾವನ್ನು ಹಿಂದೆ ಮುಂದೆ ಎರಡೂ ಕಡೆಯಿಂದ ಬಳೆಯಂತೆ ಸುತ್ತಿದ ವೇನ್ ಒಂದು. ಬಲಕ್ಕಿರಬೇಕಾದ ದೊಡ್ಡ ವೇನ್ ಎಡಕ್ಕೇ ಇದ್ದ ದೇಹ ಇನ್ನೊಂದು. ಅವು ಮೊದಲೂ ಇದ್ದವು. ನಾವು ಬಕೆಟ್ಟಿಗೆ ಹಾಕುತ್ತಿದ್ದೆವು, ಅಷ್ಟೇ.

ಎರಡು ತಿಂಗಳ ನಂತರ, ಊರಿಗೆ ಹೊರಡುವ ಮುಂಚೆ, ದೋಸೆ ಭಟ್ಟರು ಕಾಲೇಜಿಗೆ ಬಂದರು. ಬಟ್ಟೆ ಸಡಿಲವಾಗಿ ತೂಗುತ್ತಿತ್ತು, ನಡಿಗೆ ನಿಧಾನ. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ದೋಸೆ.

"ಒಂದು ಕಿಡ್ನಿ ತೆಗ್ದಿದ್ದಾರೆ ಅಂತ ಹೇಳಿದ್ರು. ಅದು ನಿಮ್ಮ ಹತ್ರ ಉಂಟಂತೆ. ಒಮ್ಮೆ ನೋಡ್ಬಹುದಾ?"

ಇಲ್ಲ ಅನ್ನಲು ನನಗೇನು ಹಕ್ಕು? ಜಾಡಿ ತಂದು ಟೇಬಲ್ಲಿನ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅದೇನು, ಹೇಗಾಯಿತು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದೆ. ದೊಡ್ಡ ಕೊಳವೆ, ಅದರ ಹಿಂದೆ ಸಣ್ಣದು.

"ಹಿಂದೆ ಉಂಟು ಅಂತ ನೀವು ಕೂಗಿದ್ರಂತೆ. ನರ್ಸಮ್ಮ ಹೇಳಿದ್ರು. ನಿಮಗೆ ಹೇಗೆ ಗೊತ್ತು?"

"ಮೊದಲೊಂದು ನೋಡಿದ್ದೆ."

"ಹೌದಾ? ಅದೆಲ್ಲಿ ಉಂಟು?" ಎಂದು ಕಪಾಟಿನ ಕಡೆ ನೋಡಿದರು.

ಈ ಸಲ ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ. "ಇಲ್ಲ. ಪುಸ್ತಕದಲ್ಲಿರೋ ಹಾಗಿಲ್ಲ ಅಂತ ಕತ್ತರಿಸಿ ಎಸೆದುಬಿಟ್ಟೆ. ಡಾಕ್ಟರು ತೋರಿಸು ಅಂದಾಗ ತೋರಿಸೋಕೆ ಇರಲಿಲ್ಲ. ಎಸೆದೆ ಅಂತ ಹೇಳೋಕೆ ನಾಚಿಕೆ ಆಯ್ತು, ಹೇಳಲಿಲ್ಲ. ಹೇಳಿದ್ರೆ ಇದು ನಿಮ್ಮ ಹೊಟ್ಟೆಯಲ್ಲೇ ಇರ್ತಿತ್ತು."

ಭಟ್ಟರು ಜಾಡಿಯ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದರು. ಕಾವಲಿಯ ಬಿಸಿಗೆ ಸುಟ್ಟು ಗಟ್ಟಿಯಾದ ಬೆರಳು.

"ಸೊಟ್ಟ ಆದ ದೋಸೆ ನಾವು ಸಹ ಗಿರಾಕಿಗೆ ಕೊಡುದಿಲ್ಲ ಅಮ್ಮ. ಮರ್ಯಾದೆ ಪ್ರಶ್ನೆ ಅಲ್ವಾ," ಎಂದರು. "ಆದ್ರೆ ಬಿಸಾಡುದೂ ಇಲ್ಲ. ಒಳಗೆ ಇಟ್ಟು ನಾವೇ ತಿಂತೇವೆ. ಹಿಟ್ಟು ಎಲ್ಲಿ ಕೆಟ್ಟಿತು ಅಂತ ತಿಂದ್ರೆ ಗೊತ್ತಾಗುದು."

"ನಿಮಗೆ ನನ್ನ ಮೇಲೆ ಸಿಟ್ಟು ಬರಲಿಲ್ವೇ?" ಎಂದು ಕೇಳಿದೆ. ಇಲ್ಲ ಅನ್ನುತ್ತಾರೆ ಎಂದು ಆಸೆ ಇತ್ತು.

"ಬಂತು. ಬಾರದೆ ಎಂಥ? ಕಿಡ್ನಿ ನನ್ನದಲ್ವಾ?"

ದೋಸೆಯ ಕಟ್ಟನ್ನು ನನ್ನ ಕಡೆ ಸರಿಸಿ, "ಬಿಸಿ ಇರುವಾಗ ತಿನ್ನಿ," ಎಂದರು. ಆಮೇಲೆ ಜಾಡಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕಪಾಟಿನ ಹತ್ತಿರ ಹೋಗಿ, ಅದರ ಜಾಗದಲ್ಲಿಟ್ಟರು. ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಕಿತ್ತ ವೇನ್ ನೇರ ಮುಂದೆ ಕಾಣುವ ಹಾಗೆ ನಿಲ್ಲಿಸಿದರು.

"ಹೀಗೆ ಇಡಿ ಅಮ್ಮ," ಎಂದರು. "ಕಲಿಯುವವರಿಗೆ ಕಾಣ್ಲಿ."